ಗಿರಣಿಗೆ ಬಂದ ಸುದ್ದಿ

“ಗುರುಗಳೇ, ಹಿಂದೆ ಒಂದು ಊರಿನ ಸುದ್ದಿ ಇನ್ನೊಂದು ಊರಿಗೆ ಮುಟ್ಟಬೇಕಾದರೆ ಒಬ್ಬ ಮನುಷ್ಯ ಹೊಲ, ಹಳ್ಳ ದಾಟಿ ನಡೆದು ಹೋಗಬೇಕಿತ್ತು. ಈಗ ಕಣ್ಣು ಮಿಟುಕಿಸುವುದರೊಳಗೆ ಊರಿಗೆ ಊರೇ ತಿಳಿಯುತ್ತದೆ. ಇಷ್ಟು ಅನುಕೂಲವಾದ ಮೇಲೂ ಹಿರಿಯರು ಏನನ್ನೋ ಕಳೆದುಕೊಂಡವರ ಹಾಗೆ ಮಾತಾಡುತ್ತಾರಲ್ಲ, ಏನದು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನೊಬ್ಬನಿದ್ದ. ಒಳ್ಳೆಯ ಮನುಷ್ಯ. ಗಿರಣಿಗೆ ಬಾರದ ಮನೆಯೇ ಆ ಊರಿನಲ್ಲಿರಲಿಲ್ಲ. ಹಾಗಾಗಿ ಎಲ್ಲರ ಸುಖದುಃಖವೂ ಅವನ ಕಿವಿಗೆ ಬೀಳುತ್ತಿತ್ತು. ಕೈಗೆ ಮೊಬೈಲು ಬಂದ ಮೇಲೆ ಅವನು ಊರಿನವರನ್ನೆಲ್ಲ ಸೇರಿಸಿ ಅದರಲ್ಲೊಂದು ಗ್ರೂಪು ಮಾಡಿದ. ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು, ಕಳೆದುಹೋದ ಎಮ್ಮೆ, ದಾರಿಯಲ್ಲಿ ಸಿಕ್ಕ ಚೀಲ, ಎಲ್ಲವನ್ನೂ ಅದರಲ್ಲಿ ಹಾಕುತ್ತಿದ್ದ. ಒಮ್ಮೆ ಹೆರಿಗೆಯಲ್ಲಿ ಸಂಕಟಕ್ಕೆ ಸಿಕ್ಕ ಹೆಂಗಸಿಗೆ ರಕ್ತ ಬೇಕೆಂದು ಅವನು ಹಾಕಿದ ಒಂದು ಸಾಲು ನೋಡಿ ಊರಿನ ಹುಡುಗರು ಆಸ್ಪತ್ರೆಗೆ ಓಡಿದರು. ತಾಯಿ, ಮಗು ಇಬ್ಬರೂ ಉಳಿದರು.

ಅಂದಿನಿಂದ ಜನ ಅವನನ್ನು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಯಾವ ಸುದ್ದಿಯೇ ಆಗಲಿ, ಅದು ತನ್ನಿಂದಲೇ ಮೊದಲು ಊರಿಗೆ ತಿಳಿಯಬೇಕೆಂಬ ಆಸೆ ಅವನಲ್ಲಿ ಹುಟ್ಟಿತು. ಬೇರೆ ಯಾರಾದರೂ ಮುಂಚೆ ಹಾಕಿಬಿಟ್ಟರೆ ಆ ದಿನವೆಲ್ಲ ಅವನ ಮುಖ ಸಪ್ಪಗಿರುತ್ತಿತ್ತು.

ಅದೇ ಊರಿನಲ್ಲಿ ಮೌನೇಶಪ್ಪ ಎಂಬ ಬಡಗಿಯಿದ್ದ. ಅವನ ಹೆಂಡತಿ ಕಾಳಮ್ಮ. ಗಿರಣಿಗೆ ಹೊಸ ಬಾಗಿಲು ಮಾಡಿಕೊಟ್ಟವನು ಮೌನೇಶಪ್ಪನೇ. ಅವನಿಗೂ ಗಿರಣಿಯವನಿಗೂ ಸಲುಗೆಯಿತ್ತು. ಕಾಳಮ್ಮ ಗಿರಣಿಯವನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು.

ಒಂದು ಬೆಳಿಗ್ಗೆ ಮೌನೇಶಪ್ಪ ಕೆಲಸಕ್ಕೆಂದು ಬೈಕು ಹತ್ತಿ ಪಕ್ಕದ ಊರಿಗೆ ಹೊರಟ. ಕಾಳಮ್ಮ ಮನೆಗೆಲಸ ಮುಗಿಸಿ ಜೋಳದ ಡಬ್ಬಿ ಹೊತ್ತು ಗಿರಣಿಗೆ ಬಂದಳು. ಗಿರಣಿ ತಿರುಗುತ್ತಿರುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅವಳು ಡಬ್ಬಿ ಚಾಚಿದಳು. ಗಿರಣಿಯವನು ಮೊಬೈಲಿನಿಂದ ಕಣ್ಣೆತ್ತದೆ ಅದನ್ನು ಇಸಿದುಕೊಂಡು ಸಾಲಿನಲ್ಲಿಟ್ಟ. ಕೊಟ್ಟವರು ಯಾರೆಂದು ನೋಡಲಿಲ್ಲ. ಅವಳು ಗೋಡೆಯ ಬದಿಗೆ ಹೋಗಿ ಉಳಿದ ಹೆಂಗಸರ ಜೊತೆ ನಿಂತಳು.

ಅಷ್ಟರಲ್ಲಿ ಹೆದ್ದಾರಿಯ ಬಳಿಯಿದ್ದ ಪರಿಚಯದವನೊಬ್ಬ ಗಿರಣಿಯವನಿಗೆ ಸುದ್ದಿ ಕಳಿಸಿದ. ಮೌನೇಶಪ್ಪನಿಗೆ ಲಾರಿ ಬಡಿದಿತ್ತು. ಅವನ ಜೀವ ಅಲ್ಲಿಯೇ ಹೋಗಿತ್ತು.

ಗಿರಣಿಯವನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ. ಆದರೆ ಕೈ ಮಾತ್ರ ತಡೆಯಲಿಲ್ಲ. ಬಾಗಿಲು ಕೂರಿಸಿದ ದಿನ ತೆಗೆದಿದ್ದ ಮೌನೇಶಪ್ಪನ ಫೋಟೋ ಹುಡುಕಿ, ಅದನ್ನು ಹೂವಿನ ಚೌಕಟ್ಟಿನಲ್ಲಿಟ್ಟ. ‘ನಮ್ಮೂರಿನ ಬಡಗಿ ಮೌನೇಶಪ್ಪ ಅಪಘಾತದಲ್ಲಿ ತೀರಿಕೊಂಡರು. ಓಂ ಶಾಂತಿ’ ಎಂದು ಬರೆದು ಕಳಿಸಿದ. ನೋಡನೋಡುತ್ತಿದ್ದಂತೆ ಅದರ ಕೆಳಗೆ ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಬಂದವು. ಮನೆಯವರಿಗೆ ಯಾರಾದರೂ ಹೇಳಿರುತ್ತಾರೆ ಎಂದುಕೊಂಡನೋ, ಅಷ್ಟೂ ಅಂದುಕೊಳ್ಳಲಿಲ್ಲವೋ, ಅವನಿಗೇ ಆಮೇಲೆ ನೆನಪಾಗಲಿಲ್ಲ.

ಯಾರೋ ಎದುರಿಗೆ ಬಂದು ನಿಂತ ಹಾಗಾಯಿತು. ತಲೆಯೆತ್ತಿದ. ಕಾಳಮ್ಮ ತನ್ನ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು, ಮಾತು ಕೇಳಿಸುತ್ತಿರಲಿಲ್ಲ. ಅವನು ತಡವರಿಸುತ್ತ ಹೋಗಿ ಮೋಟಾರು ಆರಿಸಿದ. ಬೆಲ್ಟು ನಿಧಾನವಾಗಿ ನಿಂತಿತು. ಆಗ ಅವಳ ಮಾತು ಗಿರಣಿಯಲ್ಲಿದ್ದವರಿಗೆಲ್ಲ ಕೇಳಿಸಿತು.

“ಅಣ್ಣಾ, ಇದು ಇವರ ಫೋಟೋ ಅಲ್ಲವೇ? ಕೆಳಗೆ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳು. ನನಗೆ ಅಕ್ಷರ ಕೂಡುತ್ತಿಲ್ಲ.”

ಬರೆದವನು ಅವನೇ. ಓದುವುದು ಅವನಿಂದ ಆಗಲಿಲ್ಲ. ಕಾಳಮ್ಮ ಅವನ ಮುಖವನ್ನೇ ನೋಡಿದಳು. ಓದಬೇಕಾದದ್ದನ್ನು ಅಲ್ಲಿ ಓದಿಕೊಂಡಳು. ಹಿಟ್ಟು ಚೆಲ್ಲಿದ್ದ ನೆಲದ ಮೇಲೆ ಕುಸಿದುಬಿಟ್ಟಳು.

ಅಂತ್ಯಕ್ರಿಯೆಗೆ ಬಹಳ ಜನ ಸೇರಿದರು. ದೂರದೂರದ ನೆಂಟರು ಮುಖ ನೋಡಲು ಹೊತ್ತಿಗೆ ಸರಿಯಾಗಿ ಬಂದರು. ಹಿರಿಯರೊಬ್ಬರು ಗಿರಣಿಯವನ ಬೆನ್ನು ತಟ್ಟಿ, ನೀನು ಹಾಕಿದ್ದಕ್ಕೇ ಎಲ್ಲರಿಗೂ ತಿಳಿಯಿತಪ್ಪ ಎಂದರು. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಗಿರಣಿ ತಿರುಗುತ್ತಿರುವಷ್ಟು ಹೊತ್ತು ಹೇಗೋ ಇರುತ್ತಿದ್ದ. ಮೋಟಾರು ಆರಿಸಿದ ಕೂಡಲೇ ‘ಓದಿ ಹೇಳು’ ಎಂಬ ಮಾತು ಕೇಳಿಸುತ್ತಿತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಅವನು ಕಾಳಮ್ಮನ ಮನೆಗೆ ಹೋದ. ಜಗಲಿಯ ಕೆಳಗೇ ನಿಂತುಕೊಂಡ.

“ತಂಗೀ, ನನ್ನಿಂದ ತಪ್ಪಾಯಿತು. ನೀನು ಅಲ್ಲಿಯೇ ಇದ್ದೆ. ನಾನು ನೋಡಲಿಲ್ಲ.”

ಕಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ನೀನು ಸುಳ್ಳೇನೂ ಬರೆಯಲಿಲ್ಲ ಅಣ್ಣಾ. ನಾನು ಚಿಕ್ಕವಳಿದ್ದಾಗ ನನ್ನಪ್ಪ ದುಡಿಯಲು ಹೋದ ಊರಿನಲ್ಲೇ ತೀರಿಕೊಂಡ. ಆ ಊರಿನ ಹಿರಿಯರೊಬ್ಬರು ಹೇಳಲು ಬಂದರು. ಅಂಗಳದಲ್ಲಿ ಕೂತು ನೀರು ಕೇಳಿ ಕುಡಿದರು. ನಮ್ಮ ಹೆಸರು ಕೇಳಿದರು. ಆಮೇಲೆ ಅವ್ವನಿಗೆ, ‘ನಿನ್ನ ಗಂಡನಿಗೆ ಸ್ವಲ್ಪ ಮೈಗೆ ಹುಷಾರಿಲ್ಲ ತಾಯಿ, ಮಕ್ಕಳನ್ನು ಕರೆದುಕೊಂಡು ಹೊರಡು’ ಅಂದರು. ಅವ್ವನಿಗೆ ಆಗಲೇ ತಿಳಿದಿರಬೇಕು. ಆದರೂ ಗಂಡನಿಗೆಂದು ರೊಟ್ಟಿ ಬುತ್ತಿ ಕಟ್ಟಿಕೊಂಡಳು. ಆ ಹಿರಿಯರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜೊತೆಗೆ ನಡೆದರು. ಊರು ಕಾಣಿಸಿದ ಮೇಲೆಯೇ ನಿಜ ಹೇಳಿದರು. ಆ ದಾರಿ ಮುಗಿಯುವ ತನಕ ಅವ್ವನಿಗೆ ನನ್ನಪ್ಪ ಬದುಕಿದ್ದ. ನನಗೆ ಅಂಥ ದಾರಿ ಸಿಗಲಿಲ್ಲ.”

ಗಿರಣಿಯವನು ಕೈಮುಗಿದು ಹಿಂದಿರುಗಿದ. ಕಾಳಮ್ಮ ಮತ್ತೆ ಆ ಗಿರಣಿಗೆ ಕಾಲಿಡಲಿಲ್ಲ. ಜೋಳವನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದಳು.

ಅವನು ಗ್ರೂಪು ಬಿಟ್ಟ. ಅದೇ ಸಂಜೆ ಇನ್ನೊಬ್ಬ ಅದನ್ನು ವಹಿಸಿಕೊಂಡ. ಗ್ರೂಪು ಎಂದಿನಂತೆಯೇ ನಡೆಯಿತು.

ಕೆಲವು ತಿಂಗಳಾದ ಮೇಲೆ ಊರಿನ ಒಬ್ಬ ಮುದುಕ ಕುಂಬಾರ ಸತ್ತ. ಅವನ ಮಗಳನ್ನು ಹಳ್ಳದ ಆಚೆಯ ಊರಿಗೆ ಕೊಟ್ಟಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ಗಿರಣಿಯವನು ಕೆಲಸ ನಿಲ್ಲಿಸಿ, ಅವಳಿಗೆ ತಾನೇ ಹೋಗಿ ಹೇಳಬೇಕೆಂದು ಹೊರಟ. ಯಾವ ಮಾತಿನಿಂದ ಶುರು ಮಾಡಲಿ, ಅವಳು ಅತ್ತರೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ. ಹೋಗಿ ನೋಡಿದರೆ ಮನೆಗೆ ಬೀಗ ಬಿದ್ದಿತ್ತು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಅದನ್ನು ಮೊಬೈಲಿನಲ್ಲಿ ನೋಡಿದ ಮಗಳು ಯಾರನ್ನೂ ಕಾಯದೆ, ಒಬ್ಬಳೇ, ಬೇರೆ ದಾರಿಯಲ್ಲಿ ಓಡಿದ್ದಳು. ಅವನು ಆ ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಊರಿಗೆ ಮರಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಗುರುಗಳೇ, ಇಂದಲ್ಲ ನಾಳೆ ತಿಳಿಯಲೇಬೇಕಾದ ಸುದ್ದಿ ತಾನೇ? ಯಾರೋ ನಡೆದು ಬಂದು ಮೆಲ್ಲಗೆ ಹೇಳಿದ್ದರೆ ಸತ್ತವನು ಎದ್ದು ಬರುತ್ತಿದ್ದನೇ?”

ಗುರುಗಳು ಹೇಳಿದರು: “ಹಾಗೆ ನಡೆದು ಬರುತ್ತಿದ್ದವರು ಸತ್ತವನಿಗಾಗಿ ಬರುತ್ತಿರಲಿಲ್ಲ, ಮಗು.”