ನೀಲಿ ಹೋಗೋ ತನಕ

ಹೂಂ ಅನ್ನೋರು ಇದ್ದರೆ ಹೇಳ್ತೀನಿ. ನಿದ್ದೆ ಮಾಡೋರು ಈಗಲೇ ಮಾಡಿಬಿಡಿ, ಆಮೇಲೆ ಬರೋದಿಲ್ಲ.

ಒಂದು ನಾಟಕ ಕಂಪನಿ. ಆ ಕಂಪನಿಯಲ್ಲಿ ಚಂಪಾಬಾಯಿ ಅಂತ ರಾಣಿ ಪಾರ್ಟಿನವಳು. ಅವಳಿಗೆ ಒಬ್ಬನೇ ಮಗ, ದುಂಡಪ್ಪ. ಎತ್ತಿನಂಥ ಮೈ, ಕೂಸಿನಂಥ ತಲೆ. ಹೇಳಿದ್ದನ್ನು ಹೇಳಿದಂಗೇ ಮಾಡೋನು.

"ಇವನ್ನ ಹಡೆಯೋ ಬದಲು ರುಬ್ಬೋ ಕಲ್ಲು ಹಡೆದಿದ್ರ ಚಟ್ನಿನಾದ್ರೂ ಆಗ್ತಿತ್ತು!" ಅಂತ ಚಂಪಾಬಾಯಿ ಹಣೆ ಹಣೆ ಬಡಕೊಳ್ಳೋಳು.

ಆ ಹಣೆಯಲ್ಲಿ ಗೆರೆ ಬಿದ್ದಿದ್ದವು. ಕೆನ್ನೆ ಇಳಿದಿತ್ತು. ಕಂಪನಿ ಮಾಲೀಕ ಚನ್ನಬಸಣ್ಣ ಒಂದು ದಿನ ಹೇಳೇಬಿಟ್ಟ: "ಬಾಯಾರ, ಶುಕ್ರವಾರ ಹೊಸಾ ನಾಟಕ. ರಾಣಿಗೆ ವಯಸ್ಸು ಕಾಣಬಾರದು. ಕಂಡ್ರ ಪಾರ್ಟು ರೇವಮ್ಮಗ." ರೇವಮ್ಮ ಅಂದರೆ ದಾಸಿ ಪಾರ್ಟಿನ ಹುಡುಗಿ. ಚಂಪಾಬಾಯಿಯ ಹೊಟ್ಟೆಗೆ ಬೆಂಕಿ ಬಿತ್ತು.

ಊರೊಳಗಿನ ಡಾಕ್ಟರ ಹತ್ತಿರ ಓಡಿದಳು. ಹಣೆ ಗೆರೆ ಬೀಳದಂಗೆ ಬಿಗಿಯೋ ಸೂಜಿ, ಕೆನ್ನೆ ಉಬ್ಬಿಸೋ ಸೂಜಿ ಹಾಕಿಸಿಕೊಂಡು ಬಂದಳು. ಮರುದಿನ ಕನ್ನಡಿ ನೋಡಿದರೆ ಹಣೆ ನುಣ್ಣಗೆ, ಆದರೆ ಕೆನ್ನೆ ತುಂಬಾ ನೀಲಿ! ಡಾಕ್ಟರು ಮೊದಲೇ ಹೇಳಿದ್ದರು: ಚುಚ್ಚಿದಲ್ಲಿ ನೀಲಿ ಆದರೆ ಐಸ್ ಇಡಿ, ಮುಖ ತಿಕ್ಕಬೇಡಿ, ತಲೆ ಎತ್ತರದಲ್ಲಿಟ್ಟು ಮಲಗಿ, ನಕ್ಕು ಕುಣಿದು ಮುಖ ಅಲ್ಲಾಡಿಸಬೇಡಿ.

"ದುಂಡ್ಯಾ, ಐಸ್ ಇಡೋ!"

ಇಟ್ಟ. ಬರೀ ಐಸು, ಬರೀ ಕೆನ್ನೆಗೆ.

"ಅಯ್ಯಯ್ಯೋ ಸತ್ನೆಪ್ಪೋ!"

ಹೆದರಿ ಐಸನ್ನು ಅಂಗಳಕ್ಕೆ ಎಸೆದುಬಿಟ್ಟ.

"ಏ ಮಬ್ಬಾ! ಅರಿವ್ಯಾಗ ಸುತ್ತಿ ಇಡಬೇಕೋ! ಇಟ್ಟಮ್ಯಾಲ ನಾ ಎಷ್ಟ ಚೀರಿದ್ರೂ, ನೀಲಿ ಹೋಗೋ ತನಕ ತಗೀಬ್ಯಾಡ!"

"ಹೂಂ ಅವ್ವಾ."

ಅಷ್ಟರಲ್ಲಿ ಹೊರಗೆ ಯಾರೋ ಬಂದಂಗಾಯ್ತು. "ಬಾಗಲಾ ಹಾಕೋ, ಈ ನೀಲಿ ಮೋತಿ ಯಾರೂ ನೋಡಬಾರದು!" ದುಂಡಪ್ಪ ಬಾಗಿಲು ಹಾಕಿದ. ಸಂದಿಯಲ್ಲಿ ಕಂಪನಿಯ ಹಾರ್ಮೋನಿಯಂ ಮಾಸ್ತರ ಬೆರಳು!

"ಕೈ! ಕೈ! ತಗಿಯೋ!"

"ಎಷ್ಟ ಚೀರಿದ್ರೂ ತಗಿಯಂಗಿಲ್ರಿ! ನೀಲಿ ಹೋಗಬೇಕು!" ಅಂತ ಭುಜ ಕೊಟ್ಟು ಒತ್ತಿದ. ಪಾಪ, ಮಾಸ್ತರ ಬೆರಳು ಆಗ ತಾನೇ ನೀಲಿ ಆಗ್ತಿದ್ದವು. ಚಂಪಾಬಾಯಿ ಎದ್ದು ಬಂದು ಬಿಡಿಸಬೇಕಾಯ್ತು.

"ಅದು ನನಗ ಹೇಳಿದ್ದೋ, ಮಂದಿಗಲ್ಲ! ಮಂದಿ ಮುಂದ ಸಣ್ಣ ದನಿಲೇ ಮಾತಾಡು. ಹಲ್ಲ ಕಿಸೀಬ್ಯಾಡ, ನಿನ್ನ ನೋಡಿ ನನಗೂ ನಗು ಬಂದ್ರ ಮುಖ ಅಲ್ಲಾಡತೈತಿ. ಮೋತಿ ಸಪ್ಪಗ ಇಟ್ಕೊ!"

"ಹೂಂ ಅವ್ವಾ."

ಇದ್ದ ಐಸು ಮುಗಿಯಿತು. ಐಸ್ ಫ್ಯಾಕ್ಟರಿಗೆ ಹೋಗಿ ಅರಿವೆಯಲ್ಲಿ ಕಟ್ಟಿಕೊಂಡು ಬಿಸಿಲಲ್ಲಿ ನಡೆದು ಬಂದ. ಬಿಚ್ಚಿದರೆ ಹಸಿ ಅರಿವೆ.

"ಪೆಟಿಗ್ಯಾಗ ತರಬೇಕೋ, ಮುಚ್ಚಳ ಇರೋ ಪೆಟಿಗಿ! ಕರಗಬಾರದು ನೋಡು!" ಅಂದವಳೇ ನೋವಿನ ಗುಳಿಗೆ, ನಿದ್ದಿ ಗುಳಿಗೆ ಎರಡೂ ನುಂಗಿ ಮಲಗಿದಳು.

ದುಂಡಪ್ಪ ಮತ್ತೆ ಫ್ಯಾಕ್ಟರಿಗೆ ಹೋದ. ಮೋತಿ ಸಪ್ಪಗೆ, ದನಿ ಸಣ್ಣಗೆ.

"ನಮ್ಮವ್ವಗ ತಂಪು ಬೇಕ್ರಿ. ಮುಖ ನೀಲಿ ಆಗೈತಿ. ಮುಚ್ಚಳ ಇರೋ ಪೆಟಿಗಿ ಬೇಕ್ರಿ."

ಐಸಿನವನು ಎದ್ದು ನಿಂತ. "ಯಾವಾಗ ಆತಪ್ಪಾ?"

"ನಿನ್ನಿ ಸಂಜಿಗ್ರಿ."

"ಹೆಂಗಾತೋ?"

"ಡಾಕ್ಟರ್ ಸೂಜಿ ಚುಚ್ಚಿದ್ರು."

"ಶಿವನೇ!" ಅಂತ ಐಸಿನವನು ಹೆಗಲ ಮೇಲೆ ಕೈಯಿಟ್ಟ. ಹಿಂದಿನ ಕೋಣೆಯಿಂದ ಎರಡಾಳು ಪೆಟ್ಟಿಗೆ ಹೊತ್ತು ತಂದರು. ಉದ್ದನೆಯ ಪೆಟ್ಟಿಗೆ. ಗಾಜಿನ ಮುಚ್ಚಳ. ಹೆಣ ಕೆಡದಂಗೆ ಇಡ್ತಾರಲ್ಲ, ಅದೇ ಪೆಟ್ಟಿಗೆ. ದುಂಡಪ್ಪನಿಗೆ ಬಲು ಹಿಗ್ಗು. ಆದರೆ ಹಲ್ಲು ಕಿಸಿಯಲಿಲ್ಲ.

ಮನೆಗೆ ಬಂದು ಆಳುಗಳು ವೈರ್ ಸಿಕ್ಕಿಸಿದರು. ಮಲಗಿದ್ದ ಚಂಪಾಬಾಯಿಯನ್ನು ಎತ್ತಲು ಹೋದರೆ ದುಂಡಪ್ಪ ಅಡ್ಡ ನಿಂತ. "ಮುಟ್ಟಬ್ಯಾಡ್ರಿ, ಮುಖಕ್ಕ ಕೈ ತಾಗಬಾರದು." ಹೂವೆತ್ತಿದಂಗೆ ತಾನೇ ಎತ್ತಿ ಒಳಗೆ ಮಲಗಿಸಿದ. ತಲೆ ಎತ್ತರಕ್ಕಿರಲಿ ಅಂತ ಎರಡು ದಿಂಬು ಇಟ್ಟ. ಮುಚ್ಚಳ ಹಾಕಿದ. ಪೆಟ್ಟಿಗೆ ಗುಂಯ್ ಅಂದಿತು.

ಆಳುಗಳು ಹೋಗಿ ಸುದ್ದಿ ಹೇಳಿದರು. ಕಂಪನಿಗೆ ಕಂಪನಿಯೇ ಬಂತು. ಯಾರೋ ತಲೆದಿಕ್ಕಿಗೆ ದೀಪ ಹಚ್ಚಿದರು. ಮಾಸ್ತರು ಬ್ಯಾಂಡೇಜಿನ ಕೈಯಲ್ಲೇ ಊದುಬತ್ತಿ ಹಿಡಿದಿದ್ದರು. ಚನ್ನಬಸಣ್ಣ ಗಾಜಿನ ಮೇಲೆ ಮಾಲೆ ಇಟ್ಟು ಬಿಕ್ಕಿದ.

"ಎಂಥಾ ಕಳಿ ನೋಡ್ರೋ! ಹಣಿಮ್ಯಾಗ ಒಂದ ಗೆರಿ ಇಲ್ಲ. ಸತ್ತಮ್ಯಾಲ ರಾಣಿ ಹಂಗ ಕಾಣಾಕತ್ತಾಳ!" ಆಮೇಲೆ ಮೂಗು ಒರೆಸಿಕೊಂಡು ತಿರುಗಿದ. "ರೇವಮ್ಮಾ, ಶುಕ್ರವಾರ ಪಾರ್ಟು ನಿಂದು."

ಆ ಮಾತಿಗೇನೋ, ಚಳಿಗೇನೋ, ಗಾಜಿನ ಕೆಳಗೆ ಕಣ್ಣು ಬಿಚ್ಚಿದವು.

ಬಾಯಿ ತೆರೆಯಿತು. ಹಣೆ ಮಾತ್ರ ಅಲ್ಲಾಡಲಿಲ್ಲ. ಸಿಟ್ಟಿಲ್ಲ, ಗಾಬರಿಯಿಲ್ಲ, ಮೇಲಿನ ಅರ್ಧ ಮುಖ ಹಾಗೇ ನುಣ್ಣಗೆ. ಕೆಳಗಿನ ಬಾಯಿ ಚೀರುತ್ತಿತ್ತು. ಟಕ್, ಟಕ್, ಟಕ್ ಅಂತ ಉಗುರು ಗಾಜಿಗೆ ಬಡಿಯಿತು.

"ದೆವ್ವಾ!" ದೀಪ ಉರುಳಿತು. ಚನ್ನಬಸಣ್ಣ ಒಂದು ಕಡೆ, ಅವನ ಚಪ್ಪಲಿ ಇನ್ನೊಂದು ಕಡೆ. ಯಾರೂ ಉಳಿಯಲಿಲ್ಲ. ನಗಬೇಡಿ, ನೀವಿದ್ದರೂ ಓಡ್ತಿದ್ದಿರಿ.

ದುಂಡಪ್ಪ ಓಡಲಿಲ್ಲ. ಮಗ ಅಲ್ಲವೇ.

"ತಗಿಯೋ ದುಂಡ್ಯಾ! ಸಾಯ್ತೇನೋ! ತಗಿಯೋ!"

ಅವನ ಎದೆ ಉಬ್ಬಿತು. ಈ ಸಲ ತಪ್ಪು ಮಾಡಬಾರದು. ಇದು ಮಂದಿಯಲ್ಲ, ಅವ್ವ. ಮುಚ್ಚಳದ ಮೇಲೆ ಏರಿ ಕುಂತ. ಕಾಲ ಸಂದಿಯಿಂದ ಬಗ್ಗಿ ನೋಡಿದ. ಕೆನ್ನೆ ನೀಲಿ ಇತ್ತು. ತುಟಿಯೂ ನೀಲಿ ಆಗ್ತಿತ್ತು. ಗಾಜಿಗೆ ಬಡಿಯೋ ಉಗುರೂ ನೀಲಿ.

"ಇನ್ನೂ ಹೋಗಿಲ್ಲವ್ವಾ," ಅಂದ ಸಣ್ಣ ದನಿಯಲ್ಲಿ. "ಮುಖ ಅಲ್ಲಾಡಸಬ್ಯಾಡ."

ಈಗಲೂ ಕುಂತಿದ್ದಾನಂತೆ. ಅವಳು ಅಲ್ಲಿ ತಂಪಿನಲ್ಲಿ, ನಾವು ಇಲ್ಲಿ ಬೆಚ್ಚಗೆ.