ಎ.ಸಿ.ಗೆ ಕಟ್ಟಿದ ಪಂಚೆಯ ತುಂಡು

"ಗುರುಗಳೇ, ಆರು ವರ್ಷದಿಂದ ದಿನವೂ ಸಂಜೆ ಕುಳಿತು ನನ್ನ ಮನಸ್ಸನ್ನು ನೋಡಿಕೊಳ್ಳುತ್ತಿದ್ದೇನೆ. ದಿನವೂ ಅದೇ ಸಿಟ್ಟು, ಅದೇ ಹೊಟ್ಟೆಕಿಚ್ಚು. ನಾನು ಒಂದು ಹೆಜ್ಜೆಯಾದರೂ ಮುಂದೆ ಹೋಗಿದ್ದೇನೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಬಿಸಿಲಸೀಮೆಯ ಒಂದು ಊರಿನಲ್ಲಿ ಮೌನೇಶಾಚಾರಿ ಎಂಬ ಬಡಗಿಯಿದ್ದ. ತೊಟ್ಟಿಲು ಮಾಡುವುದು ಅವನ ಕಸುಬು. ಅವನು ಕೊಯ್ದು ಜೋಡಿಸಿದ್ದನ್ನು ಹೆಂಡತಿ ಕಾಳಮ್ಮ ಮರಳುಕಾಗದದಿಂದ ಉಜ್ಜಿ ನಯ ಮಾಡುತ್ತಿದ್ದಳು. ಕೂಸಿನ ಮೈಗೆ ಒಂದು ಸಿಬಿರೂ ತಾಗಬಾರದು ಎಂಬುದು ಅವಳ ಹಟ. ಒಂದು ಬೇಸಿಗೆಯಲ್ಲಿ ಉಜ್ಜುತ್ತಿದ್ದಲ್ಲೇ ಸೆಕೆಗೆ ತಲೆ ಸುತ್ತಿ ಬಿದ್ದಳು. ಮೌನೇಶಾಚಾರಿ ಹೆದರಿದ. ಆ ವಾರವೇ ಕೆಲಸದ ಕೋಣೆಗೆ ಎ.ಸಿ. ಹಾಕಿಸಿದ.

ಮೂರು ತಿಂಗಳಿಗೆ ಅದು ನಿಂತಿತು. ರಿಪೇರಿಯವನು ಬಿಚ್ಚಿ ತೋರಿಸಿದ. ಒಳಗೆಲ್ಲ ಹಿಟ್ಟಿನಂಥ ಮರದ ಪುಡಿ. ಅದನ್ನು ತೆಗೆಸಿದ ಮೇಲೆ, ಇನ್ನು ಧೂಳು ಹೋಗಲೇಬಾರದೆಂದು ಮೌನೇಶಾಚಾರಿ ಯಂತ್ರಕ್ಕೆ ದಪ್ಪ ಗೋಣಿತಾಟನ್ನು ಬಿಗಿಯಾಗಿ ಸುತ್ತಿದ. ಧೂಳು ಹೋಗಲಿಲ್ಲ. ಗಾಳಿಯೂ ಹೋಗಲಿಲ್ಲ. ಎರಡೇ ದಿನಕ್ಕೆ ಒಳಗೆ ಮಂಜುಗಟ್ಟಿ ಯಂತ್ರ ಮತ್ತೆ ನಿಂತಿತು.

"ಅದಕ್ಕೂ ಉಸಿರು ಬೇಡವೇ?" ಎಂದಳು ಕಾಳಮ್ಮ. ಗಂಡನ ಹಳೆಯ ಪಂಚೆಯಿಂದ ಎರಡು ತುಂಡು ಹರಿದಳು. ಗಾಳಿ ಒಳಗೆಳೆಯುವ ಬಾಯಿಗೆ ಒಂದನ್ನು ಕಟ್ಟಿದಳು. ಸಂಜೆ ಅದನ್ನು ಬಿಚ್ಚಿ ತೊಳೆದು ಒಣಹಾಕಿ, ಬೆಳಿಗ್ಗೆ ಇನ್ನೊಂದನ್ನು ಕಟ್ಟಿದಳು. ಹೀಗೆಯೇ ನಡೆಯಿತು. ಯಂತ್ರ ಕೆಡಲಿಲ್ಲ. ಕೆಲಸವೂ ನಿಲ್ಲಲಿಲ್ಲ.

ಆದರೆ ಬಟ್ಟೆ ದಿನವೂ ಕಂದಾಗುವುದನ್ನು ನೋಡಿ ಮೌನೇಶಾಚಾರಿಗೆ ಬೇಸರ. "ಎಷ್ಟು ತೊಳೆದರೂ ನಾಳೆಗೆ ಇಷ್ಟೇ" ಎಂದು ಗೊಣಗುತ್ತಿದ್ದ.

ಒಂದು ಸಂಜೆ ನೋಡಿದರೆ ಬಟ್ಟೆ ಬೆಳಿಗ್ಗೆ ಕಟ್ಟಿದಾಗ ಇದ್ದಷ್ಟೇ ಬೆಳ್ಳಗಿತ್ತು. ಅವನು ಹಿಗ್ಗಿ ಕೂಗಿದ: "ನೋಡು ಬಾ, ಇವತ್ತು ಧೂಳೇ ಇಲ್ಲ! ತೊಳೆಯುವುದೂ ಬೇಡ."

ಕಾಳಮ್ಮ ಬೆಳಿಗ್ಗೆಯಿಂದ ಎರಡು ತೊಟ್ಟಿಲು ಉಜ್ಜಿದ್ದಳು. ತಲೆಗೂದಲೆಲ್ಲ ಪುಡಿ. "ಹಾಗಾದರೆ ಗಾಳಿಗೆ ಹಾರಿದ್ದು ಎಲ್ಲಿಗೆ ಹೋಯಿತು?" ಎಂದು ಸ್ಟೂಲು ಹತ್ತಿ ನೋಡಿದಳು. ಬಟ್ಟೆಯ ಒಂದು ಅಂಚು ಜಾರಿತ್ತು. ಆ ಸಂದಿಯಿಂದ ಧೂಳೆಲ್ಲ ನೇರ ಒಳಗೆ ಹೋಗಿತ್ತು. ಒಂದೇ ದಿನದ್ದಾದ್ದರಿಂದ ಬ್ರಷ್ಷಿಗೆ ಬಂತು. ಗಂಡ ಹೆಂಡತಿ ಸೇರಿ ಬಿಡಿಸಿ, ಅಂಚು ಸರಿಮಾಡಿ ಕಟ್ಟಿದರು.

ಮರುದಿನ ಸಂಜೆ ಬಟ್ಟೆ ಮತ್ತೆ ಕಂದಾಗಿತ್ತು. ಮೌನೇಶಾಚಾರಿ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಗುತ್ತ ತಾನೇ ಬಕೆಟ್ಟಿಗೆ ನೀರು ತುಂಬಿದ.

ಕತೆ ಮುಗಿಯಿತು. ಶಿಷ್ಯ ಏನೋ ಕೇಳಲು ಬಾಯಿ ತೆರೆದ.

ಗುರುಗಳೆಂದರು: "ಕೊಳೆ ಕಂಡಿತೆಂದು ಇವತ್ತು ಅಳುತ್ತ ಬಂದೆ, ಕಾಣದ ದಿನ ಓಡಿ ಬಾ."