ನಡುಗಿಸುವ ಗೋಡೆ

"ಗುರುಗಳೇ, ಮಠದ ಮಕ್ಕಳ ಪಾಠ ನನಗೆ ಒಪ್ಪಿಸಿದ್ದೀರಿ. ನಾನು ಗದರಿದರೆ ಕಣ್ಣೆತ್ತದೆ ಪಾಠ ಒಪ್ಪಿಸುತ್ತಾರೆ. ಹೆದರಿಸದೆ ಯಾರಾದರೂ ಕಲಿಯುತ್ತಾರೆಯೇ?" ಎಂದು ಶಿಷ್ಯ ನಿರ್ವಾಣಯ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಅಸ್ಸೀರಿಯಾ ದೇಶದಲ್ಲಿ, ಹೊಳೆಯ ದಂಡೆಯ ಮೇಲೆ ನಿನೆವೆ ಎಂಬ ಹಳೆಯ ಊರು. ಅರಸ ಅದನ್ನು ರಾಜಧಾನಿ ಮಾಡಿದ. ಆಮೇಲೆ ಅದು ಸಾಮಾನ್ಯದ ಊರಾಗಿ ಉಳಿಯಲಿಲ್ಲಪ್ಪ. ದೂರದ ಬೆಟ್ಟದ ನೀರು ಕಲ್ಲುಕಾಲುವೆಯಲ್ಲಿ ಹರಿದು ಅದರ ತೋಟಗಳಿಗೆ ಬಂತು. ಕೋಟೆಯ ಮೇಲೆ ರಥಗಳು ಅಕ್ಕಪಕ್ಕ ಓಡುವಷ್ಟು ಅಗಲ. ಬಾಗಿಲಲ್ಲಿ ರೆಕ್ಕೆಯುಳ್ಳ ಕಲ್ಲಿನ ಹೋರಿಗಳು, ಅವಕ್ಕೆ ಮನುಷ್ಯರ ಮುಖ. ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಅರಸನದೊಂದು ಪದ್ಧತಿ. ತಾನು ಕೆಡವಿದ ಕೋಟೆಗಳನ್ನೆಲ್ಲ ಅರಮನೆಯ ಗೋಡೆಯಲ್ಲಿ ಕೆತ್ತಿಸುತ್ತಿದ್ದ. ಕಪ್ಪ ತರುವ ದೂತರು ಆ ಗೋಡೆಯ ಪಕ್ಕದಲ್ಲೇ ನಡೆದು ಅವನ ಮುಂದೆ ಬರಬೇಕು. "ನೋಡಿದವನು ನಡುಗಬೇಕು. ಒಬ್ಬ ನಡುಗದಿದ್ದರೂ ನಿನ್ನ ಬೆರಳು ಕತ್ತರಿಸುತ್ತೇನೆ" ಎಂದು ಶಿಲ್ಪಿಗೆ ಹೇಳಿದ್ದ.

ಪಾಪ, ಶಿಲ್ಪಿಯೂ ಸೆರೆಸಿಕ್ಕು ಬಂದವನೇ. ಜೀವ ಕೈಯಲ್ಲಿ ಹಿಡಿದು ಕೆತ್ತಿದ. ಏಣಿ ಎಲ್ಲಿ ಹಾಕಿದರು, ಗೋಡೆ ಗುದ್ದುವ ದಿಮ್ಮಿಯನ್ನು ಯಾವ ಮೂಲೆಗೆ ಹೊಡೆದರು, ಸುರಂಗ ಎಲ್ಲಿಂದ ತೋಡಿದರು, ಒಂದನ್ನೂ ಬಿಡಲಿಲ್ಲ. ದೂತರು ನೋಡಿ ಗಡಗಡ ನಡುಗಿದರು.

ಒಬ್ಬ ದೂತ ಮಾತ್ರ ನಡುಗಲಿಲ್ಲ. ಗೋಡೆಗೆ ಮೂಗು ತಾಗಿಸಿ ನೋಡುತ್ತ ನಿಂತ. ಶಿಲ್ಪಿ ಅವನ ಬಳಿಗೆ ಓಡಿಬಂದ.

"ಅಯ್ಯಾ, ಅರಸರ ಮುಂದೆ ಸ್ವಲ್ಪ ನಡುಗಿಬಿಡಿ. ನನ್ನ ಬೆರಳು ಉಳಿಯಲಿ" ಎಂದು ಬೇಡಿಕೊಂಡ.

"ಅದಕ್ಕೇನಂತೆ, ನಡುಗೋಣ. ಈ ಸುರಂಗ ಎಷ್ಟು ಆಳ ತೋಡಿದ್ದರು, ಅದನ್ನು ಹೇಳು" ಎಂದ ದೂತ.

ಶಿಲ್ಪಿ ಹೇಳಿದ. ದೂತ ಸೊಗಸಾಗಿ ನಡುಗಿದ. ಅರಸ ಹಿಗ್ಗಿದ.

ಮರುವರ್ಷ ಆ ದೂತ ತನ್ನ ದಂಡಿನ ನಾಯಕರನ್ನೇ ಕಪ್ಪ ಹೊರುವವರ ವೇಷದಲ್ಲಿ ಕರೆತಂದ. ಅವರೂ ಗೋಡೆಯನ್ನು ಕಣ್ತುಂಬ ನೋಡಿದರು, ಆಮೇಲೆ ಅರಸನ ಮುಂದೆ ನಡುಗಿದರು. ಶಿಲ್ಪಿಗೆ ಎಲ್ಲ ತಿಳಿದುಹೋಯಿತು. ಆದರೆ ಅರಸನಿಗೆ ಹೇಳುವುದು ಹೇಗೆ? ಹೋದ ವರ್ಷ ಒಬ್ಬ ನಡುಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಅವನಿಗೆ ಭಯವಾಯಿತು. ಬಾಯಿ ಹೊಲಿದುಕೊಂಡು ಕೂತ.

ಕೆಲವು ವರ್ಷಗಳ ಮೇಲೆ ಆ ದೂತನ ನಾಡಿನ ದಂಡು ನಿನೆವೆಯ ಮೇಲೆ ಬಂತು. ಗೋಡೆಯಲ್ಲಿ ಕೆತ್ತಿದ್ದಂತೆಯೇ ಏಣಿ ಹಾಕಿದರು, ದಿಮ್ಮಿ ಹೊಡೆದರು, ಸುರಂಗ ತೋಡಿದರು. ಲೋಕವನ್ನೇ ನಡುಗಿಸಿದ ಊರು ಒಂದು ಬೇಸಿಗೆ ಮುಗಿಯುವುದರೊಳಗೆ ಬೂದಿಯಾಯಿತು. ಅರಮನೆಯಿದ್ದ ದಿಬ್ಬದ ಮೇಲೆ ಕುರಿಗಳು ಮೇದವು.

"ಹಾಗಾದರೆ ಹೆದರಿಸಿದರೆ ಯಾರೂ ಕಲಿಯುವುದಿಲ್ಲ ಅನ್ನುತ್ತೀರಾ?" ಎಂದು ನಿರ್ವಾಣಯ್ಯ ಕೇಳಿದ.

ಗುರುಗಳೆಂದರು: "ಕಲಿಯದೆ ಏನು, ಚೆನ್ನಾಗಿಯೇ ಕಲಿಯುತ್ತಾರೆ, ಏನು ಕಲಿತರೆಂದು ನಿನಗೆ ಮಾತ್ರ ಹೇಳುವುದಿಲ್ಲ."